ಮೊಮ್ಮಗುವಿಗೂ ಅಜ್ಜಿಗೂ ಒಗ್ಗುವ ಬಣ್ಣದ ಬಚ್ಚಲುಮನೆ: ಅಳತೆ, ಲೆಕ್ಕ, ಎಚ್ಚರಿಕೆ ಸಮೇತ

ಮೈಸೂರಿನಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸುವವರು, ಮಂಡ್ಯದಲ್ಲಿ ಹಳೇ ಮನೆ ರಿಪೇರಿ ಮಾಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಬಾತ್‌ರೂಮಿಗೆ ಬಣ್ಣ ಬೇಕು, ಮಕ್ಕಳು ಸ್ನಾನ ಅಂದರೆ ಓಡಿ ಬರುವ ಹಾಗಿರಬೇಕು, ಆದರೆ ಇರೋದು ಐದಡಿ ಎಂಟಡಿ ಜಾಗ. ಅದೇ ಬಾತ್‌ರೂಮನ್ನು ಅಜ್ಜ ಅಜ್ಜಿಯೂ ಬಳಸುತ್ತಾರೆ. ಹೇಗೆ ಮಾಡೋದು?

ಬಚ್ಚಲುಮನೆಗೆ ಬಣ್ಣ ಹಚ್ಚುವುದು ನಮಗೆ ಹೊಸದಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲ ಬಳ್ಳಿ ಸುತ್ತುವ ಮನೆಗಳು ಈ ಸೀಮೆಯಲ್ಲಿ ಇನ್ನೂ ಇವೆ. ಆ ಮೂರು ಬಣ್ಣಗಳನ್ನೇ, ಅಂದರೆ ಕೆಮ್ಮಣ್ಣಿನ ಕೆಂಪು, ಬಳ್ಳಿಯ ಹಸಿರು, ಸುಣ್ಣದ ಬಿಳಿ, ಈ ಲೇಖನದ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮಗೆ ಬೇರೆ ಇಷ್ಟವಾದರೆ ಬದಲಿಸಿಕೊಳ್ಳಿ. ಆದರೆ ಒಂದು ಮಾತನ್ನು ಮಾತ್ರ ಬದಲಿಸಬೇಡಿ: ಬಚ್ಚಲುಮನೆಯಲ್ಲಿ ಪ್ರತಿ ಬಣ್ಣಕ್ಕೂ ಒಂದು ಕೆಲಸ ಇರಬೇಕು. ಬಿಸಿನೀರಿನ ನಲ್ಲಿ ಯಾವುದು ಅಂತ ಮಗುವಿಗೆ ಅದು ಹೇಳಬೇಕು. ಕಮೋಡ್ ಎಲ್ಲಿದೆ, ಒದ್ದೆ ನೆಲ ಎಲ್ಲಿಂದ ಶುರು ಅಂತ ಪೊರೆ ಬಂದ ಕಣ್ಣಿಗೂ ಕಾಣಿಸಬೇಕು.

1. ಮೊದಲು ಜಾಗ ಹಂಚಿ

ಕಾಗದದ ಮೇಲೆ 5x8 ಅಡಿಯ ಆಯತ ಬರೆಯಿರಿ. ಬಾಗಿಲು ಐದಡಿಯ ಗೋಡೆಯಲ್ಲಿದ್ದರೆ ಹಂಚಿಕೆ ಸುಲಭ: ಬಾಗಿಲ ಹತ್ತಿರ ವಾಶ್‌ ಬೇಸಿನ್, ನಡುವೆ ಕಮೋಡ್, ಕೊನೆಯ ಮೂರಡಿ ಸ್ನಾನಕ್ಕೆ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೋ ಬೇಸಿನ್‌ಗೋ ಕನಿಷ್ಠ 15 ಇಂಚು, ಸಾಧ್ಯವಾದರೆ 18 ಇಂಚು ಬಿಡಿ. ಕಮೋಡಿನ ಮುಂದೆ 24 ಇಂಚು ಖಾಲಿ ಇರಲಿ, ಚಿಕ್ಕ ಮಗುವನ್ನು ಕೂರಿಸುವಾಗ ದೊಡ್ಡವರೂ ಮುಂದೆ ಕುಕ್ಕರುಗಾಲಲ್ಲಿ ಕೂರಬೇಕಲ್ಲ.

ಸ್ನಾನದ ಜಾಗಕ್ಕೂ ಒಣ ಜಾಗಕ್ಕೂ ನಡುವೆ ಮೂರಿಂಚಿನ ಕಟ್ಟೆ ಕಟ್ಟಿಸುವ ರೂಢಿ ಇದೆ. ವಯಸ್ಸಾದವರಿರುವ ಮನೆಯಲ್ಲಿ ಅದು ಬೇಡ, ಎಡವಲು ಇಟ್ಟ ಕಲ್ಲು ಅದು. ಇಳಿಜಾರು ಸರಿಯಾಗಿದ್ದರೆ ಕಟ್ಟೆಯ ಅಗತ್ಯವೇ ಬೀಳುವುದಿಲ್ಲ. ಗಡಿ ತೋರಿಸಲು ನೆಲದ ಬಣ್ಣ ಬದಲಿಸಿದರೆ ಸಾಕು, ಎರಚುವ ನೀರಿಗೆ ಒಂದು ಪರದೆ ಹಾಕಿ.

ಬಾಗಿಲಿನ ಒಳಚಿಲಕ ನೆಲದಿಂದ ನಾಲ್ಕೂವರೆ ಅಡಿಗಿಂತ ಮೇಲಿರಲಿ. ಮೂರು ವರ್ಷದ ಮಗು ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲಾರದೆ ಅಳುವುದು, ಹೊರಗೆ ಮನೆಮಂದಿಯೆಲ್ಲ ಬಾಗಿಲು ಬಡಿಯುವುದು ತಪ್ಪುತ್ತದೆ. ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

2. ಬಣ್ಣ ಎಷ್ಟು ಎತ್ತರಕ್ಕೆ?

ಮೂರು ವರ್ಷದ ಮಗುವಿನ ಎತ್ತರ ಸುಮಾರು ಮೂರಡಿ. ನಿಂತಾಗ ಕಣ್ಣು ನೆಲದಿಂದ ಎರಡೂಮುಕ್ಕಾಲು ಅಡಿ ಎತ್ತರದಲ್ಲಿರುತ್ತದೆ. ಆದ್ದರಿಂದ ಆಟದ ಬಣ್ಣಗಳೆಲ್ಲ ಎರಡರಿಂದ ನಾಲ್ಕು ಅಡಿಯ ನಡುವೆ ಇರಲಿ. ಅದರ ಮೇಲೆ ಬಿಳಿ. ಚಿಕ್ಕ ಕೋಣೆಯಲ್ಲಿ ಏಳಡಿಯವರೆಗೂ ಗಾಢ ಬಣ್ಣ ಹೊಡೆದರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತದೆ, ಬೆಳಕೂ ಕುಂದುತ್ತದೆ.

ಗೋಡೆಗೆ 1x2 ಅಡಿಯ ಟೈಲ್ಸನ್ನು ನಿಲ್ಲಿಸಿ ಹಾಕಿಸಿ. ಆಗ ಸಾಲುಗಳು ತಾವೇ ಸಿಗುತ್ತವೆ:

ಕೆಳಗಿನ ಎರಡಡಿ: ಕೆಮ್ಮಣ್ಣಿನ ಬಣ್ಣ. ಸೋಪಿನ ಜಿಡ್ಡು, ಕೆಸರು ಎದ್ದು ಕಾಣುವುದಿಲ್ಲ. ಬಿಳಿ ಕಮೋಡ್ ಇದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ.
ಎರಡರಿಂದ ನಾಲ್ಕಡಿ: ಹಸಿರು. ಮಕ್ಕಳ ಸಾಲು.
ನಾಲ್ಕರಿಂದ ಏಳಡಿ: ಸುಣ್ಣದ ಬಿಳಿ.

ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಇರುವ ಬಾತ್‌ರೂಮಿನಲ್ಲಿ ಪೊರೆ ಇರುವ ಅಜ್ಜಿ ಕಮೋಡಿನ ಅಂಚನ್ನು ಕೈಯಲ್ಲಿ ತಡಕಾಡಿ ಹುಡುಕುತ್ತಾರೆ. ಹಿಂದೆ ಬಣ್ಣ ಇದ್ದರೆ ಆ ಕಷ್ಟ ಇಲ್ಲ. ಅದೇ ಕಾರಣಕ್ಕೆ ಕಮೋಡ್ ಮತ್ತು ಬೇಸಿನ್ ಬಿಳಿಯೇ ಇರಲಿ. ನೀಲಿ, ಗುಲಾಬಿ ಕಮೋಡ್ ತಂದರೆ ಐದು ವರ್ಷದ ಮೇಲೆ ಸೀಟು ಮುರಿದಾಗ ಅದೇ ಬಣ್ಣದ ಸೀಟು ಸಿಗುವುದು ಕಷ್ಟ.

ಅಂಗಡಿಯಲ್ಲಿ ನಿಮಗೆ ಮೊದಲು ತೋರಿಸುವುದು 'ಡಾರ್ಕ್, ಲೈಟ್, ಹೈಲೈಟರ್' ಸೆಟ್ಟು. ಹೈಲೈಟರ್ ಅಂದರೆ ಡಾಲ್ಫಿನ್, ಜಲಪಾತ, ಹೂವಿನ ಚಿತ್ರ ಮುದ್ರಿಸಿದ ಟೈಲ್ಸು. ನಮ್ಮ ಸಲಹೆ: ಬೇಡ. ಆ ಚಿತ್ರ ಮೂರು ತಿಂಗಳಿಗೆ ಕಣ್ಣಿಗೆ ಹಳಸುತ್ತದೆ, ಒಂದು ಒಡೆದರೆ ಅದೇ ಚಿತ್ರ ಮತ್ತೆ ಸಿಗದು. ಸಾದಾ ಬಣ್ಣದ ಟೈಲ್ಸಿನಿಂದ ನೀವೇ ವಿನ್ಯಾಸ ಮಾಡಿ, ಅದು ಹೇಗೆಂದು 6ನೇ ಹಂತದಲ್ಲಿ ಹೇಳಿದ್ದೇವೆ.

ಬೋರ್ ನೀರಿನವರಿಗೆ ಒಂದು ಎಚ್ಚರಿಕೆ. ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟುತ್ತಿದ್ದರೆ ಕಪ್ಪು, ಕಡುನೀಲಿ, ಕಡುಹಸಿರಿನ ಹೊಳಪು ಟೈಲ್ಸ್ ತರಬೇಡಿ. ಪ್ರತಿ ಹನಿ ಒಣಗಿದ ಜಾಗದಲ್ಲೂ ಬಿಳಿ ಚುಕ್ಕೆ ಉಳಿಯುತ್ತದೆ. ಗಿಳಿಹಸಿರು, ಸಾಸಿವೆ ಹಳದಿ, ಇಟ್ಟಿಗೆ ಬಣ್ಣದಂಥ ನಡುಮಟ್ಟದ ಬಣ್ಣಗಳಲ್ಲಿ ಇದು ಅಷ್ಟಾಗಿ ಕಾಣದು. ಕಾವೇರಿ ನೀರು ಬರುವ ಮನೆಯಲ್ಲಿ ಈ ಕಾಟ ಕಡಿಮೆ, ಆದರೆ ಬೇಸಿಗೆಯಲ್ಲಿ ಅದೇ ಸಂಪಿನ ತೊಟ್ಟಿಗೆ ಬೋರ್ ನೀರನ್ನೂ ತುಂಬಿಸುತ್ತೀರಾದರೆ ನಿಮ್ಮದೂ ಬೋರ್ ನೀರಿನ ಲೆಕ್ಕವೇ.

3. ಎಷ್ಟು ಟೈಲ್ಸ್ ಬೇಕು

5x8 ಅಡಿಯ ಕೋಣೆಯ ಸುತ್ತಳತೆ 26 ಅಡಿ. ಬಾಗಿಲಿನ ಎರಡೂವರೆ ಅಡಿ ಕಳೆದರೆ 23.5 ಅಡಿ. ಕಿಟಕಿ ಏಳಡಿಯ ಮೇಲಿದೆ ಅಂದುಕೊಳ್ಳೋಣ.

ಕೆಮ್ಮಣ್ಣಿನ ಸಾಲು: 23.5 x 2 = 47 ಚದರ ಅಡಿ. ಒಡೆಯುವುದು, ಕತ್ತರಿಸುವುದಕ್ಕೆ ಶೇ. 10 ಸೇರಿಸಿ 52, ಅಂದರೆ 26 ಟೈಲ್ಸ್.
ಹಸಿರು ಸಾಲು: 6ನೇ ಹಂತದಲ್ಲಿ ಬರುವ ಆಟದ ಪಟಕ್ಕೆ 4 ಚದರ ಅಡಿ ಬಿಟ್ಟು 43. ಶೇ. 10 ಸೇರಿಸಿ 48, ಅಂದರೆ 24 ಟೈಲ್ಸ್.
ಬಿಳಿ: 23.5 x 3 = 70.5. ಶೇ. 10 ಸೇರಿಸಿ 78, ಅಂದರೆ 39 ಟೈಲ್ಸ್.
ನೆಲ: 40 ಚದರ ಅಡಿ. ಶೇ. 10 ಸೇರಿಸಿ 1x1 ಅಡಿಯವು 44. ಇದರಲ್ಲಿ ಸ್ನಾನದ ಜಾಗ 15 ಚದರ ಅಡಿ, ಒಣ ಜಾಗ 25.

ಟೈಲ್ಸ್ ಪೆಟ್ಟಿಗೆಗಳಲ್ಲಿ ತುಂಬಿ ಬರುವುದರಿಂದ ಲೆಕ್ಕವನ್ನು ಪೆಟ್ಟಿಗೆಯ ಮೇಲ್ಮಟ್ಟಕ್ಕೆ ಏರಿಸಿ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಲಾಟ್ ನಂಬರ್, ಒಂದೇ ಶೇಡ್ ನಂಬರ್ ಇದೆಯೇ ಎಂದು ಗಾಡಿಗೆ ಹತ್ತಿಸುವ ಮೊದಲೇ ನೋಡಿ. ಲಾಟ್ ಬೇರೆಯಾದರೆ ಒಂದೇ ಹೆಸರಿನ ಹಸಿರು ಕೂಡ ಗೋಡೆಯ ಮೇಲೆ ಎರಡು ಹಸಿರಾಗಿ ಕಾಣುತ್ತದೆ. ಹಾಕಿದ ಮೇಲೆ ಇದಕ್ಕೆ ಪರಿಹಾರ ಇಲ್ಲ.

ನೆಲಕ್ಕೆ ಜಾರದ ಮ್ಯಾಟ್ ಟೈಲ್ಸೇ ಬೇಕು. 'ಆಂಟಿ ಸ್ಕಿಡ್' ಅಂದ ಮಾತ್ರಕ್ಕೆ ನಂಬಬೇಡಿ. ಅಂಗಡಿಯಲ್ಲೇ ಒಂದು ಟೈಲ್ ನೆಲಕ್ಕಿಟ್ಟು ಸೋಪು ನೀರು ಸುರಿದು, ಬರಿಗಾಲಿನ ಹಿಮ್ಮಡಿ ಒತ್ತಿ ಜಾರಿಸಿ ನೋಡಿ. ಆರ್10, ಆರ್11 ಎಂದು ಅಂಕಿ ಕೊಟ್ಟಿದ್ದರೆ ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹಾಗಂತ ತೀರಾ ಒರಟಾದದ್ದೂ ಬೇಡ, ಜಿಡ್ಡು ಕೂತರೆ ಉಜ್ಜಿ ತೆಗೆಯುವುದು ಕಷ್ಟ. ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಚೆಂದವೇ, ಆದರೆ ನುಣುಪಾದ ಆ ನೆಲದ ಮೇಲೆ ಎಣ್ಣೆ ಸ್ನಾನದ ದಿನ ಹರಳೆಣ್ಣೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಆ ಬಣ್ಣ ಬೇಕಿದ್ದರೆ ಮ್ಯಾಟ್ ಟೈಲ್ಸಿನಲ್ಲಿ ತನ್ನಿ.

4. ಗೋಡೆ ಒಡೆಯುವ ಮೊದಲು: ಪೈಪು, ನಲ್ಲಿ, ವೈರು

ಈ ಅಳತೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮುಗಿದ ನೆಲದ ಮಟ್ಟದಿಂದ ಲೆಕ್ಕ ಹಾಕಿ:

ಬಕೆಟ್ ತುಂಬುವ ನಲ್ಲಿ: 24ರಿಂದ 26 ಇಂಚು.
ಮಕ್ಕಳ ಹ್ಯಾಂಡ್ ಶವರ್ ಕೊಕ್ಕೆ: 42 ಇಂಚು. ಕೊಕ್ಕೆ ಮೇಲೆ ಕೆಳಗೆ ಜಾರುವಂಥ ಕಂಬಿಯನ್ನು ಗೋಡೆಗೆ ಹಾಕಿಸಿದರೆ ದೊಡ್ಡವರಿಗೂ ಅದೇ ಆಗುತ್ತದೆ.
ಬೇಸಿನ್ನಿನ ಮೇಲಂಚು: 32 ಇಂಚು. ಮಕ್ಕಳಿಗೆ 8 ಇಂಚಿನ ಸ್ಟೂಲು, ಅಡಿಗೆ ರಬ್ಬರ್ ಇರುವಂಥದ್ದು.
ಹಿಡಿಕಂಬಿ: 33ರಿಂದ 36 ಇಂಚು, ಗೋಡೆಯಿಂದ ಒಂದೂವರೆ ಇಂಚು ಆಚೆ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು.

ಹಿಡಿಕಂಬಿ ದೊಡ್ಡವರ ಪೂರ್ತಿ ಭಾರ ತಡೆಯಬೇಕು. ಗೋಡೆ ಟೊಳ್ಳು ಬ್ಲಾಕಿನದಾದರೆ ಆ ಜಾಗದಲ್ಲಿ ಈಗಲೇ ಕಾಂಕ್ರೀಟ್ ತುಂಬಿಸಿ. ಟವೆಲ್ ಹಾಕುವ ಕಂಬಿಯನ್ನು ಹಿಡಿಕಂಬಿ ಅಂತ ಬಳಸಬೇಡಿ, ಹಿಡಿದ ತಕ್ಷಣ ಕಿತ್ತು ಬರುತ್ತದೆ. ಹಳದಿ ಬಣ್ಣದ ಪೌಡರ್ ಕೋಟಿಂಗ್ ಇರುವ ಕಂಬಿ ಹಸಿರು ಗೋಡೆಯ ಮೇಲೆ ಮಕ್ಕಳಿಗೆ ಆಟದಂತೆ, ಅಜ್ಜನಿಗೆ ದಾರಿಗುರುತಿನಂತೆ ಕಾಣುತ್ತದೆ.

ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಅದು ಬಿಸಿ ತಡೆಯುವ ಪ್ಲಾಸ್ಟಿಕ್ಕಿನದು, ತಿಳಿಹಳದಿ ಬಣ್ಣದ್ದು. ತಣ್ಣೀರಿನ ಬಿಳಿ ಪೈಪು ಸೋಲಾರ್ ನೀರಿಗೆ ಮೆತ್ತಗಾಗುತ್ತದೆ. ಪೈಪು ಅಂಟಿಸಿ ಒಂದು ದಿನ ಬಿಟ್ಟು, ಬಾಯಿಗಳಿಗೆಲ್ಲ ಪ್ಲಗ್ ಹಾಕಿಸಿ ಪ್ರೆಶರ್ ಪಂಪಿನಿಂದ ಪರೀಕ್ಷೆ ಮಾಡಿಸಿ. ಮೀಟರಿನ ಮುಳ್ಳು ಒಂದು ಗಂಟೆ ಕದಲಬಾರದು. ಇದಾಗದೆ ಗಾರೆ ಮುಚ್ಚಲು ಬಿಡಬೇಡಿ.

ದೊಡ್ಡ ಮಳೆ ಶವರ್ ಕೇಳುವವರೂ ಬಹಳ ಮಂದಿ. ನೀರಿನ ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಅದು 1 ಬಾರ್ ಆಗಲು ಟ್ಯಾಂಕು ಶವರಿಗಿಂತ ಸುಮಾರು 33 ಅಡಿ ಎತ್ತರದಲ್ಲಿರಬೇಕು. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕು ಹತ್ತಡಿ ಮೇಲಿದ್ದರೆ ಸಿಗುವುದು 0.3 ಬಾರ್. ಅದರಲ್ಲಿ ಎಂಟಿಂಚಿನ ಶವರ್ ತೊಟ್ಟಿಕ್ಕುತ್ತದೆಯೇ ಹೊರತು ಸುರಿಯುವುದಿಲ್ಲ. ನಾಲ್ಕಿಂಚಿನದು ಸಾಕು, ಇಲ್ಲವೇ ಪ್ರೆಶರ್ ಪಂಪ್ ಬೇಕು.

ಈಗ ಬಿಸಿನೀರಿನ ಅಪಾಯ. ಬಿಸಿಲುಗಾಲದಲ್ಲಿ ಸೋಲಾರ್ ನೀರು 60 ಡಿಗ್ರಿ ದಾಟುವುದು ಸಾಮಾನ್ಯ. ಅಷ್ಟು ಬಿಸಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಥರ್ಮೋಸ್ಟಾಟಿಕ್ ಮಿಕ್ಸರ್ ಎಂಬ ನಲ್ಲಿ ಇದೆ, ಬಿಸಿ ತಣ್ಣೀರನ್ನು ತಾನೇ ಬೆರೆಸಿ 38 ಡಿಗ್ರಿಯಲ್ಲಿ ನಿಲ್ಲಿಸುತ್ತದೆ. ಕೊಳ್ಳುವಾಗ ಕಡಿಮೆ ಒತ್ತಡಕ್ಕೆ ನಡೆಯುತ್ತದೆಯೇ ಎಂದು ಕೇಳಿ. ಅದು ಬೇಡವೆಂದರೆ ಬಿಸಿನೀರಿನ ನಲ್ಲಿಯ ಹಿಡಿಗೆ ಕೆಂಪು ಉಂಗುರ, ತಣ್ಣೀರಿಗೆ ನೀಲಿ ಹಾಕಿ, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದನ್ನು ಮನೆಯ ನಿಯಮ ಮಾಡಿ. ಗೀಸರ್ ಇದ್ದರೆ 50 ಡಿಗ್ರಿಗೆ ಇಡಿ.

ಗೀಸರಿಗೆ 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು. ಗೀಸರಿನ ಸ್ವಿಚ್ ಬಾತ್‌ರೂಮಿನ ಹೊರಗಿರಲಿ.

5. ವಾಟರ್‌ಪ್ರೂಫಿಂಗ್

ಇಲ್ಲಿ ಉಳಿಸಿದ ದುಡ್ಡು ಕೆಳಮನೆಯ ಸೂರಿನ ಮೇಲೆ ಕಲೆಯಾಗಿ ಬರುತ್ತದೆ. ನೆಲ ಗೋಡೆ ಸೇರುವ ಮೂಲೆಗಳನ್ನೆಲ್ಲ ಗಾರೆಯಿಂದ ಗುಂಡಗೆ ಮಾಡಿಸಿ, ಅಲ್ಲಿ ಫೈಬರ್ ಜಾಲರಿ ಕೂರಿಸಿ. ಪಾಲಿಮರ್ ಸಿಮೆಂಟಿನ ಲೇಪನ ಎರಡು ಕೋಟು, ಮೊದಲನೆಯದು ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೆ ಸುತ್ತಲೂ ಒಂದಡಿ, ಸ್ನಾನದ ಜಾಗದಲ್ಲಿ ಆರಡಿ ಎತ್ತರದವರೆಗೆ.

ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ ಎರಡಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ, 48 ಗಂಟೆ ಬಿಡಿ. ಟ್ರ್ಯಾಪ್ ಅಂದರೆ ಚರಂಡಿಯ ವಾಸನೆ ತಡೆಯಲು ಸದಾ ನೀರು ನಿಲ್ಲುವ ಬಾಗು. ಪಕ್ಕದಲ್ಲೇ ಒಂದು ಪಾತ್ರೆಯಲ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿ. ಎರಡರಲ್ಲೂ ನೀರು ಒಂದೇ ಸಮ ಇಳಿದಿದ್ದರೆ ಅದು ಆವಿಯಾದದ್ದು. ನೆಲದಲ್ಲಿ ಹೆಚ್ಚು ಇಳಿದಿದ್ದರೆ ಸೋರಿಕೆ. ಇದಾದ ಮೇಲೆ ನೆಲಕ್ಕೆ ಯಾರೂ ಮೊಳೆ ಹೊಡೆಯಬಾರದು, ಡ್ರಿಲ್ ಇಡಬಾರದು.

6. ಟೈಲ್ಸ್, ಮತ್ತು ಗೋಡೆಯ ಮೇಲೆ ಚೌಕಾಬಾರ

ಇಳಿಜಾರು 80ಕ್ಕೆ 1 ಇರಲಿ. ಎಂಟಡಿಗೆ ಸುಮಾರು 1.2 ಇಂಚು ಇಳಿಯಬೇಕು. ಬಾಗಿಲ ಹೊರಗಿನ ನೆಲಕ್ಕಿಂತ ಒಳನೆಲ ಅರ್ಧ ಇಂಚಾದರೂ ತಗ್ಗಿರಲಿ. ವಿಟ್ರಿಫೈಡ್, ಅಂದರೆ ಗಾಜಿನಂತೆ ಗಟ್ಟಿಯಾಗುವ ಹಾಗೆ ಸುಟ್ಟ ಟೈಲ್ಸ್ ನೀರು ಹೀರುವುದೇ ಇಲ್ಲ ಎನ್ನಬಹುದು, ಆದ್ದರಿಂದ ಬರೀ ಸಿಮೆಂಟ್ ಹಾಲಿಗೆ ಅಂಟುವುದಿಲ್ಲ. ಟೈಲ್ ಅಡ್ಹೆಸಿವ್ ಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಅಂಟಿಸುವ ಕೆಲಸಗಾರರನ್ನು ತಡೆಯಿರಿ. ನಡುವೆ ಟೊಳ್ಳಾದ ಜಾಗದಲ್ಲಿ ನೀರು ಸೇರುತ್ತದೆ, ಡ್ರಿಲ್ ಇಟ್ಟರೆ ಟೈಲ್ ಬಿರುಕು ಬಿಡುತ್ತದೆ. ಮಾರನೇ ದಿನ ಪ್ರತಿ ಟೈಲನ್ನೂ ಬೆರಳ ಗಿಣ್ಣಿನಿಂದ ಬಡಿದು ಟೊಳ್ಳು ಸದ್ದು ಕೇಳಿಸಿಕೊಳ್ಳಿ.

ಮಕ್ಕಳ ಸಾಲಿಗೆ ನಮ್ಮ ಮೆಚ್ಚಿನ ಆಯ್ಕೆ ಚೌಕಾಬಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗೆ ಹೆಸರಾದವರು, ಮೈಸೂರಿನ ಮನೆಗೆ ಇದಕ್ಕಿಂತ ಒಪ್ಪುವ ಚಿತ್ರ ಬೇರೆ ಬೇಕಿಲ್ಲ. ಮನೆ ಐದು, ಸಾಲು ಐದು, ಒಟ್ಟು 25. ನಾಲ್ಕಿಂಚಿನ, ಅಂದರೆ 100 ಮಿ.ಮೀ. ಟೈಲ್ಸಿನಲ್ಲಿ 20 ತಿಳಿಬಣ್ಣದವು, 5 ಗಾಢ ಬಣ್ಣದವು. ಗಾಢವು ಕಟ್ಟೆಮನೆಗಳು: ನಡುವಿನದೊಂದು, ನಾಲ್ಕು ಬದಿಗಳ ನಡುಮನೆಗಳು ನಾಲ್ಕು.

2 ಮಿ.ಮೀ. ಸಂದು ಬಿಟ್ಟರೆ ಪಟದ ಅಳತೆ 508 ಮಿ.ಮೀ. ಆಗುತ್ತದೆ. ಪಕ್ಕಪಕ್ಕ ನಿಂತ ಎರಡು ಗೋಡೆ ಟೈಲ್ಸಿನ ಜಾಗ 602 ಅಗಲ, 600 ಎತ್ತರ. ಉಳಿದ ಜಾಗಕ್ಕೆ ಸುತ್ತಲೂ ಕೆಮ್ಮಣ್ಣಿನ ಟೈಲ್ಸಿನಿಂದ 44-45 ಮಿ.ಮೀ. ಪಟ್ಟಿ ಕತ್ತರಿಸಿ ಅಂಚು ಕಟ್ಟಿಸಿ. ಹೀಗಾದರೆ ಅಕ್ಕಪಕ್ಕದ ಟೈಲ್ಸನ್ನು ಕತ್ತರಿಸುವ ಗೋಜಿಲ್ಲ. ಚಿಕ್ಕ ಟೈಲ್ಸ್ ಸಾಮಾನ್ಯವಾಗಿ ತೆಳ್ಳಗಿರುತ್ತವೆ, ಹಿಂದೆ ಅಡ್ಹೆಸಿವ್ ದಪ್ಪ ಮಾಡಿ ಮುಖ ಒಂದೇ ಮಟ್ಟಕ್ಕೆ ತರಿಸಿ. ಮೊದಲು ನೆಲದ ಮೇಲೆ ಒಣದಾಗಿ ಜೋಡಿಸಿ ನೋಡದೆ ಗೋಡೆಗೆ ಹಚ್ಚಬೇಡಿ. ಕತ್ತರಿಸಿದ ಅಂಚುಗಳನ್ನು ಉಜ್ಜುಕಲ್ಲಿನಿಂದ ಮೊಂಡು ಮಾಡಿಸಿ, ಮಕ್ಕಳು ಬೆರಳಾಡಿಸುವ ಜಾಗ ಅದು.

ಕಾಯಿಗಳಿಗೆ ದುಡ್ಡು ಬೇಡ. ಇವಿಎ ಫೋಮ್ ಹಾಳೆಯನ್ನು, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆ ಬಣ್ಣದ ಹಾಳೆ ಅದು, ಎರಡಿಂಚಿನ ಬಿಲ್ಲೆಗಳಾಗಿ ಕತ್ತರಿಸಿ. ನೀರಲ್ಲಿ ಅದ್ದಿ ಹೊಳಪು ಟೈಲಿಗೆ ಒತ್ತಿದರೆ ಅಂಟಿಕೊಂಡು ನಿಲ್ಲುತ್ತವೆ, ಎಳೆದರೆ ಬರುತ್ತವೆ. ಆಟ ಮುಗಿದ ಮೇಲೆ ತೆಗೆದು ಒಣಗಿಸಿ, ಇಲ್ಲದಿದ್ದರೆ ಹಿಂದೆ ಬೂಷ್ಟು ಕಟ್ಟುತ್ತದೆ. ಮೂರು ವರ್ಷದೊಳಗಿನ ಮಗು ಕಚ್ಚಿ ತುಂಡು ಮಾಡಬಹುದು, ಜೊತೆಗಿರಿ.

ಚನ್ನಪಟ್ಟಣದ ಬಣ್ಣದ ಮರದ ಗೊಂಬೆಗಳನ್ನೂ ಗುಬುಟುಗಳನ್ನೂ ಒಳಗೆ ಬಳಸಬಹುದೇ ಎಂದು ಕೇಳುವವರಿಗೆ: ಬಾಗಿಲ ಹೊರಗಿನ ಟವೆಲ್ ಬೀರುವಿಗೆ ಸರಿ. ಅವುಗಳ ಬಣ್ಣ ಅರಗಿನದು, ಬಿಸಿಗೆ ಮೆತ್ತಗಾಗುತ್ತದೆ, ಒಳಗಿನ ಮರ ನೀರು ಕುಡಿದು ಸೀಳುತ್ತದೆ.

7. ಸಂದು ತುಂಬುವುದು

ಗ್ರೌಟ್ ಅಂದರೆ ಟೈಲ್ಸಿನ ಸಂದಿಗೆ ತುಂಬುವ ಪುಡಿ ಅಥವಾ ಅಂಟು. ಬಿಳಿ ಸಿಮೆಂಟ್ ತುಂಬಿಸಿದರೆ ಎಣ್ಣೆ, ಸೀಗೆಪುಡಿ, ಅರಿಶಿನ ಬಿದ್ದು ಒಂದು ವರ್ಷಕ್ಕೆ ಕಂದು ಗೆರೆಯಾಗುತ್ತದೆ. ಸ್ನಾನದ ಜಾಗಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿ, ಕಲೆ ಹೀರುವುದಿಲ್ಲ. ಅರಿಶಿನವನ್ನು ಮಾತ್ರ ಇದರಲ್ಲೂ ತಕ್ಷಣ ತೊಳೆಯಬೇಕು. ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ, ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಟೈಲ್ಸಿನ ಮೇಲೆ ಉಳಿದ ಪದರವನ್ನು ಹಸಿಯಿರುವಾಗಲೇ ಒರೆಸಿಸಿ. ಹಳದಿ ಗ್ರೌಟ್ ಹಾಕಿ ಬಿಳಿ ಟೈಲ್ಸಿಗೆ ಅಗ್ಗದಲ್ಲಿ ಗೆಲುವು ತರಬಹುದು, ಆದರೆ ಬಣ್ಣದ ಗ್ರೌಟ್ ಮ್ಯಾಟ್ ಟೈಲ್ಸಿಗೆ ಕಲೆ ಹಿಡಿಸುತ್ತದೆಯೇ ಎಂದು ಮೊದಲು ಒಂದು ಒಡಕು ಟೈಲಿನ ಮೇಲೆ ನೋಡಿ.

ಕೆಲಸ ಮುಗಿದ ಮೇಲೆ 'ಆಸಿಡ್ ವಾಶ್ ಕೊಟ್ಟುಬಿಡ್ತೀವಿ' ಅನ್ನುತ್ತಾರೆ. ಒಪ್ಪಬೇಡಿ. ಆಸಿಡ್ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಹೊಗೆಯಿಂದ ಹೊಸ ನಲ್ಲಿಗಳ ಹೊಳಪು ಕರಿಗಟ್ಟುತ್ತದೆ.

8. ಟೈಲ್ಸಿನ ಮೇಲಿನ ಗೋಡೆ, ಗಾಳಿ

ಸೂರಿಗೂ ಏಳಡಿಯ ಮೇಲಿನ ಗೋಡೆಗೂ ಬೂಷ್ಟು ನಿರೋಧಕ ಎಮಲ್ಷನ್ ಬಳಿಸಿ. ಡಿಸ್ಟೆಂಪರ್ ಮಳೆಗಾಲಕ್ಕೆ ಹಪ್ಪಳೆ ಏಳುತ್ತದೆ. ಕಿಟಕಿ ಎರಡಡಿ ಎರಡಡಿಯದಾದರೂ ಇರಲಿ, ಜೊತೆಗೊಂದು ಎಕ್ಸಾಸ್ಟ್ ಫ್ಯಾನ್. ಬಾಗಿಲಿಗೆ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ, ಗ್ರಾನೈಟ್ ಚೌಕಟ್ಟು ಒಳ್ಳೆಯದು, ಮರದ ಚೌಕಟ್ಟಿನ ಬುಡ ಬೇಗ ಕೊಳೆಯುತ್ತದೆ.

9. ಕೊನೆಗೆ ಸಾಮಾನು

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ ಕೊಡಿ: ಕೊಕ್ಕೆ, ಟವೆಲ್, ಬ್ರಷ್ ಲೋಟ ಮೂರೂ ಅದೇ ಬಣ್ಣ. ಮಕ್ಕಳ ಕೊಕ್ಕೆ ಮೂರಡಿಯಲ್ಲಿರಲಿ. ತಾವೇ ಟವೆಲ್ ಹಾಕಲು ಕಲಿಯುತ್ತಾರೆ.

ಕಮೋಡ್ ತೊಳೆಯುವ ದ್ರಾವಣ, ಬ್ಲೀಚಿಂಗ್ ಪುಡಿ ಐದಡಿಯ ಮೇಲೆ, ಚಿಲಕ ಇರುವ ಪೆಟ್ಟಿಗೆಯಲ್ಲಿ. ಇವೆರಡನ್ನೂ ಒಟ್ಟಿಗೆ ಸುರಿಯಲೇಬೇಡಿ, ವಿಷಗಾಳಿ ಏಳುತ್ತದೆ. ನಲ್ಲಿಯ ಉಪ್ಪಿಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟರೆ ಸಾಕು. ಕಡಲೆಹಿಟ್ಟು ಸೀಗೆಪುಡಿ ಹಚ್ಚಿ ಸ್ನಾನ ಮಾಡಿಸಿದ ದಿನ ಟ್ರ್ಯಾಪಿನ ಜಾಲರಿ ಎತ್ತಿ ತೊಳೆಯಿರಿ, ಹಿಟ್ಟು ಕೂದಲಿನ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ.

ಬಣ್ಣದ ಬಕೆಟ್ಟು ಮಗುವನ್ನು ಸೆಳೆಯುತ್ತದೆ. ಎರಡು ಮೂರು ಇಂಚು ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗು ಮುಳುಗಬಹುದು. ಸ್ನಾನ ಮುಗಿದ ಕೂಡಲೇ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ನೀರು ಹಿಡಿದಿಡುವ ದಿನವಾದರೆ ಮುಚ್ಚಳ ಇರುವ ಡ್ರಮ್ಮಿನಲ್ಲಿ ಹಿಡಿದು, ಬಾಗಿಲ ಹೊರಗಡೆ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ.

ಉಳಿದ ಟೈಲ್ಸನ್ನು ಮೇಸ್ತ್ರಿಗೆ ಕೊಟ್ಟು ಕಳಿಸಬೇಡಿ. ಪ್ರತಿ ಬಣ್ಣದ್ದೂ ನಾಲ್ಕೈದು ಎತ್ತಿಟ್ಟು, ಪೆಟ್ಟಿಗೆಯ ಮೇಲಿನ ಹೆಸರು, ಲಾಟ್, ಶೇಡ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಗೋಡೆಯೊಳಗಿನ ಪೈಪುಗಳ ಫೋಟೋವನ್ನೂ, ಗಾರೆ ಮುಚ್ಚುವ ಮೊದಲು ಟೇಪು ಹಿಡಿದು ತೆಗೆದದ್ದನ್ನು, ಅದರ ಜೊತೆಗೇ ಇಡಿ. ಮುಂದೆ ಕನ್ನಡಿ ಹಾಕಲು ಡ್ರಿಲ್ ಎತ್ತುವವರಿಗೆ ಮೊದಲು ಅದನ್ನು ತೋರಿಸಿ.